ಗುಬ್ಬಿಯ ಪಾದ್ರಿಗಳ ಇಸ್ಕೂಲು

ಆ ಸಲ ಅಟ್ಟದ ಕಾಯಿ ಇಳಿಸಿದ್ದು ಚಳಿಗಾಲದಲ್ಲಿ. ಅಂಗಳದಲ್ಲಿ ಚಿಪ್ಪಿನ ಬೆಂಕಿ, ಸುತ್ತ ಉಂಡೆ ಕೊಬ್ಬರಿ ಬಿಡಿಸುವವರು. ನನ್ನನ್ನು ತುಮಕೂರಿನ ಪಾದ್ರಿಗಳ ಶಾಲೆಗೆ ಸೇರಿಸುವ ಮಾತೆದ್ದಿತು. ಅಜ್ಜಿ ಸಿಡುಕಿದಳು: “ಲಿಂಗ ಬಿಚ್ಚಿಸಿ ಶಿಲುಬೆ ಹಾಕ್ತಾರೆ. ಬೇಡವೇ ಬೇಡ.”

ತಾತ ಎಲೆಗೆ ಸುಣ್ಣ ಸವರುತ್ತಾ ನಕ್ಕರು. “ಗುಬ್ಬೀಗೆ ಪಾದ್ರಿಗಳು ಬಂದು ನೂರು ವರ್ಷದ ಮೇಲಾಯ್ತು ಕಣೇ. ಗುಬ್ಬಿಯಪ್ಪನ ತೇರೇನು ನಿಂತೋಯ್ತಾ?”

ಗುಬ್ಬಿ ಎಂದರೆ ಅಲ್ಲಿಯವರೆಗೆ ನನಗೆ ನಾಟಕ ಕಂಪನಿ, ಅಷ್ಟೇ. ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಪಾದ್ರಿಗಳು ಬಂದದ್ದು ಅದಕ್ಕೂ ಸುಮಾರು ಐವತ್ತು ವರ್ಷ ಮೊದಲು. ವೆಸ್ಲಿಯನ್ ಮಿಶನ್ನಿನ ಥಾಮಸ್ ಹಾಡ್ಸನ್ ಅಲ್ಲಿ ನೆಲೆಯೂರಿದರು. 1839ರಲ್ಲಿ ಇಪ್ಪತ್ತು ವರ್ಷದ ಐರಿಷ್ ಹುಡುಗ ವಿಲಿಯಂ ಆರ್ಥರ್ ಬಂದು ಸೇರಿದ. ಎರಡೇ ವರ್ಷದಲ್ಲಿ ಕಣ್ಣು ಕೆಟ್ಟು ವಾಪಸಾದ.

ತಾತನ ಕಥೆ ಶುರುವಾಗುತ್ತಿದ್ದುದು ಸಂತೆಯಿಂದ. ಸಂತೆಯಲ್ಲಿ ನಿಂತು ದೊರೆಗಳು ಕನ್ನಡ ಮಾತಾಡಿದರೆ ಜನ ಮುತ್ತಿಕೊಳ್ಳುತ್ತಿದ್ದರಂತೆ, ಬೋಧನೆಗಲ್ಲ, ಬಿಳಿಯ ಬಾಯಲ್ಲಿ ಕನ್ನಡ ಕೇಳಲಿಕ್ಕೆ. ಊರಲ್ಲಿ ಕೂಲಿಮಠವಿತ್ತು: ಮರಳ ಮೇಲೆ ಬೆರಳಲ್ಲಿ ಅಕ್ಷರ, ಆಮೇಲೆ ಕಪ್ಪು ಬಟ್ಟೆಯ ಕಡತ, ಬಳಪ. ಪಾದ್ರಿಗಳ ಶಾಲೆ ಅಚ್ಚಿನ ಪುಸ್ತಕ ತಂದಿತು. ಆ ಕಾಲದ ಎಷ್ಟೋ ಮಿಶನ್ ಶಾಲೆಗಳದ್ದು ಒಂದೇ ಪಾಡು: ಯಾರಾದರೂ ಒಬ್ಬ ಮತ ಬದಲಿಸಿದರೆ ಮರುದಿನ ಬೆಂಚು ಖಾಲಿ, ಸುದ್ದಿ ತಣ್ಣಗಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ವಾಪಸು. “ನಮ್ಮೋರು ಲೆಕ್ಕ ಕಲಿತ್ರು, ಯೇಸುನ ಅಲ್ಲೇ ಬಿಟ್ಟು ಬಂದ್ರು,” ಎಂದರು ತಾತ. ಬಿಡದವರೂ ಇದ್ದರು. ಹಾಡ್ಸನ್ ತಮ್ಮ ‘ಓಲ್ಡ್ ಡೇನಿಯಲ್’ ಪುಸ್ತಕವನ್ನು (1877) ಬರೆದದ್ದೇ ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಒಬ್ಬನ ಬಗ್ಗೆ.

ಮುಂದೆ ಓದುತ್ತಾ ಅಮೆರಿಕದ ಚೆರೋಕಿ ಎಂಬ ಮೂಲನಿವಾಸಿಗಳ ಕಥೆ ಸಿಕ್ಕಿತು. ಅವರೂ ಪಾದ್ರಿಗಳಿಂದ ಬಯಸಿದ್ದು ಓದನ್ನೇ. ತಾತ ಇದ್ದಿದ್ದರೆ ತೊಡೆ ತಟ್ಟುತ್ತಿದ್ದರು. 1801ರಲ್ಲಿ ಜಾರ್ಜಿಯಾದ ಸ್ಪ್ರಿಂಗ್‌ಪ್ಲೇಸ್‌ನಲ್ಲಿ ಮೊರಾವಿಯನ್ ಪಾದ್ರಿಗಳಿಗೆ ಜಾಗ ಕೊಟ್ಟ ಚೆರೋಕಿಗಳು, ಶಾಲೆ ತೆರೆಯಲು ತಡವಾದಾಗ, ಕಲಿಸದಿದ್ದರೆ ಜಾಗ ಖಾಲಿ ಮಾಡಿ ಎಂದರು! ಅವರಲ್ಲೇ ಒಬ್ಬ, ಇಂಗ್ಲಿಷ್ ಓದಲು ಬಾರದ ಸೆಕ್ವೋಯಾ, 1821ರ ಹೊತ್ತಿಗೆ ಚೆರೋಕಿ ನುಡಿಗೆ ಲಿಪಿಯನ್ನೇ ಕಟ್ಟಿಕೊಟ್ಟ. 1828ರಲ್ಲಿ ಪತ್ರಿಕೆಯೂ ಬಂತು, ನಮ್ಮ ‘ಮಂಗಳೂರ ಸಮಾಚಾರ’ಕ್ಕಿಂತ ಹದಿನೈದು ವರ್ಷ ಮುಂಚೆ. ಅವರ ಪರ ನಿಂತ ಪಾದ್ರಿ ಸ್ಯಾಮ್ಯುಯೆಲ್ ವೂಸ್ಟರ್ ಜೈಲು ಕಂಡ. ಇಷ್ಟಾದರೂ ಆರ್ಥರ್ ಈ ದೇಶಕ್ಕೆ ಬಂದ ಹೊತ್ತಿನಲ್ಲೇ, 1838–39ರಲ್ಲಿ, ಸೈನ್ಯ ಅವರನ್ನು ನೆಲದಿಂದ ಎಬ್ಬಿಸಿ ಪಡುವಣಕ್ಕೆ ನಡೆಸಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಓದು ಬರಹ ಅವರ ಹೊಲ ಉಳಿಸಲಿಲ್ಲ. ನಮ್ಮನ್ನು ತೋಟದಿಂದ ಯಾರೂ ಎಬ್ಬಿಸಲಿಲ್ಲ. ಅದಕ್ಕೇ ನಾವು ಪಾದ್ರಿಗಳ ಕಥೆಯನ್ನು ನಗುತ್ತಾ ಹೇಳುತ್ತೇವೆ.

ಮೈಸೂರು ಸೀಮೆಯಲ್ಲಿ ಸರ್ಕಾರದ ಹೋಬಳಿ ಶಾಲೆಗಳ ಯೋಜನೆ ಬಂದದ್ದು ಪಾದ್ರಿಗಳು ಗುಬ್ಬಿಗೆ ಬಂದ ಎಷ್ಟೋ ವರ್ಷಗಳ ಮೇಲೆ, 1868ರಲ್ಲಿ. ರೂಪಿಸಿದವರು ಶಾಸನಗಳ ಸಂಗ್ರಹಕ್ಕೆ ಹೆಸರಾದ ಬಿ.ಎಲ್. ರೈಸ್. ಪಾದ್ರಿಯೊಬ್ಬರ ಮಗ, ಹುಟ್ಟಿದ್ದು ಬೆಂಗಳೂರಿನಲ್ಲೇ. ಹಳ್ಳಿ ಶಾಲೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಹೊರಡುತ್ತಾರೆ. ಗುಬ್ಬಿಯಿಂದ ಹೊರಡಬೇಕು ಎಂಬುದು ನನ್ನ ವಾದ.