ಮುಕ್ಕಾಲು ಪಾಲು ತೆಂಗಿನಕಾಯಿ

ಗಂಭೀರವಾಗಿ ಕುಡಿಯುವವರ ಪಂಕ್ತಿಯಲ್ಲಿ ರಮ್ಮು, ತೆಂಗಿನಹಾಲು, ಅನಾನಸು ಬೆರೆಸಿದ ಪಿನಾ ಕೊಲಾಡಾಗೆ ಮಣೆ ಹಾಕುವವರು ಕಡಿಮೆ. ಕಾಗದದ ಕೊಡೆ, ಬಣ್ಣ ಹಚ್ಚಿದ ಚೆರ್ರಿ, ಬಾಗಿದ ಸ್ಟ್ರಾ ಇವನ್ನೆಲ್ಲ ನೋಡಿದರೆ ಅವರ ತಾತ್ಸಾರಕ್ಕೂ ಅರ್ಥವಿದೆ ಅನ್ನಿಸುತ್ತದೆ. ಹೋಟೆಲುಗಳಲ್ಲಿ ಅದರ ಹೆಸರಿನಲ್ಲಿ ತಂದಿಡುವುದು ಹೆಚ್ಚಾಗಿ ಅನಾನಸಿನ ಎಸೆನ್ಸ್ ಹಾಕಿದ ಮಿಲ್ಕ್‌ಶೇಕು. ಆದರೂ ಮನೆಯಲ್ಲಿ ಏನಾದರೂ ಬೆರೆಸೋಣ ಅನ್ನಿಸಿದ ಸಂಜೆ ನನ್ನ ಕೈ ಹೋಗುವುದು ಇದರ ಕಡೆಗೇ. ರಮ್ಮಿನ ಆಸೆಗೆ ಅಂದುಕೊಳ್ಳಬೇಡಿ. ಇದರಲ್ಲಿ ರಮ್ಮಿನದು ಅತ್ಯಂತ ಸುಲಭದ ಪಾಲು, ಮುಚ್ಚಳ ತಿರುಗಿಸಿ ಸುರಿದರೆ ಮುಗಿಯಿತು. ಉಳಿದದ್ದೆಲ್ಲ ತುರಿಮಣೆಯ ಮೇಲೆ, ಚೂರಿಯ ತುದಿಯಲ್ಲಿ, ಮಿಕ್ಸಿಯ ಮುಂದೆ ನಡೆಯಬೇಕಾದ ಕೆಲಸ. ಕರಾವಳಿಯ ಅಡುಗೆಮನೆಯಲ್ಲಿ ಬೆಳೆದವರಿಗೆ ಅದನ್ನು ಯಾವ ಬಾರ್‌ಟೆಂಡರನೂ ಬಂದು ಕಲಿಸಬೇಕಿಲ್ಲ.

ಹುಟ್ಟಿದ್ದು ಮಾತ್ರ ಇಲ್ಲಿಂದ ಬಹುದೂರ, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ. ರಾಜಧಾನಿ ಸಾನ್ ಹ್ವಾನ್‌ನ ಕರೀಬೆ ಹಿಲ್ಟನ್ ಹೋಟೆಲಿನವರು ತಮ್ಮ ಬಾರ್‌ಟೆಂಡರ್ ರಾಮೋನ್ ಮರ್ರೇರೋ 1954ರಲ್ಲಿ ಇದನ್ನು ಮಾಡಿದ ಎನ್ನುತ್ತಾರೆ. ಅದೇ ಊರಿನ ಹಳೇ ಪೇಟೆಯ ಬರ್ರಚೀನಾ ರೆಸ್ಟೋರೆಂಟಿನವರು ಒಪ್ಪುವುದಿಲ್ಲ. 1963ರಲ್ಲಿ ನಮ್ಮಲ್ಲಿ ರಾಮೋನ್ ಪೋರ್ತಾಸ್ ಮಿಂಗೋತ್ ಮಾಡಿದ್ದೇ ಮೊದಲನೆಯದು ಎಂದು ಗೋಡೆಗೆ ಕಲ್ಲುಫಲಕವನ್ನೇ ಹಾಕಿಸಿಕೊಂಡಿದ್ದಾರೆ. ಈ ಇಬ್ಬರು ರಾಮೋನ್‌ಗಳ ಜಗಳದಲ್ಲಿ ನನ್ನ ಮತ ಮೂರನೆಯ ರಾಮೋನ್‌ಗೆ. ರಾಮೋನ್ ಲೋಪೆಸ್ ಇರಿಸಾರಿ ಪೋರ್ಟೊ ರಿಕೊ ವಿಶ್ವವಿದ್ಯಾಲಯದಲ್ಲಿ ಕೃಷಿಯ ಪ್ರಾಧ್ಯಾಪಕನಾಗಿದ್ದವನು. ತೆಂಗಿನ ತಿರುಳಿನಿಂದ ಗಟ್ಟಿಹಾಲು ತೆಗೆದು, ಸಕ್ಕರೆ ಬೆರೆಸಿ, ಕೆಡದಂತೆ ಡಬ್ಬಿಗೆ ತುಂಬುವ ದಾರಿ ಕಂಡುಕೊಂಡವನು ಅವನೇ. ಕೋಕೋ ಲೋಪೆಸ್ ಎಂಬ ಆ ಡಬ್ಬಿ ಬಾರಿಗೆ ಬರದಿದ್ದರೆ ಗಿರಾಕಿಗಳು ಕಾಯುತ್ತಿರುವಾಗ ತೆಂಗಿನಕಾಯಿ ತುರಿಯುತ್ತ ಯಾರು ಕೂರುತ್ತಿದ್ದರು? 1978ರಲ್ಲಿ ಪೋರ್ಟೊ ರಿಕೊ ಪಿನಾ ಕೊಲಾಡಾವನ್ನು ತನ್ನ ಅಧಿಕೃತ ಪಾನೀಯವೆಂದು ಸಾರಿತು. ಆ ಗೌರವದಲ್ಲಿ ಅರ್ಧ ಪಾಲು ಪ್ರಾಧ್ಯಾಪಕರಿಗೆ ಸಲ್ಲಬೇಕು ಎಂಬುದು ನನ್ನ ತೀರ್ಮಾನ.

ಈಗ ಆ ಡಬ್ಬಿ ಆನ್‌ಲೈನಿನಲ್ಲಿ ನಮಗೂ ಸಿಗುತ್ತದೆ. ಸಿಗಲಿ. ಅಂಗಳದಲ್ಲಿ ಕಾಯಿ ಬೀಳುವ ಮನೆಯಲ್ಲಿ ತೆಂಗಿನ ಹಾಲನ್ನು ದುಡ್ಡು ಕೊಟ್ಟು ತರಿಸಿದರೆ ಹಿರಿಯರ ಮುಖ ನೋಡುವುದು ಕಷ್ಟ. ಕಾಯಿ ಚೆನ್ನಾಗಿ ಬಲಿತಿರಬೇಕು, ಅಲುಗಿಸಿದರೆ ಒಳಗೆ ನೀರು ತುಳುಕುವ ಸದ್ದು ಬರಬೇಕು. ತುರಿಯುವಾಗ ಬಿಳಿ ಮುಗಿದು ಕಂದು ಸಿಪ್ಪೆ ಇಣುಕಿದ ಕೂಡಲೇ ಗೆರಟೆಯನ್ನು ಕೆಳಗಿಡುತ್ತೇನೆ, ಇಲ್ಲದಿದ್ದರೆ ಹಾಲಿನ ಬಣ್ಣ ಮಂಕಾಗುತ್ತದೆ. ತುರಿಗೆ ಬೆರಳು ತಾಳುವಷ್ಟು ಬಿಸಿಯ ನೀರು ಅರ್ಧ ಲೋಟ, ಮಿಕ್ಸಿಯಲ್ಲಿ ಒಂದೆರಡು ಸುತ್ತು, ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡುವುದು. ಮಣಿಕಟ್ಟು ತಿರುಚಿದಂತೆ ಬಟ್ಟೆಯ ಹೊರಮೈಯಲ್ಲಿ ಬೆಳ್ಳಗೆ ಹನಿಗಟ್ಟಿ, ಹನಿ ಧಾರೆಯಾಗಿ ಪಾತ್ರೆಗೆ ಇಳಿಯುವ ಆ ಗಳಿಗೆಗಾಗಿಯೇ ಇಷ್ಟೆಲ್ಲ ಮಾಡುತ್ತೇನೋ ಏನೋ. ಬೇಕಾದದ್ದು ಮೊದಲ ಹಾಲು ಮಾತ್ರ. ಎರಡನೆಯದು ಮರುದಿನದ ಗಸಿಗೆ.

ಒಂದು ಲೋಟ ಹಾಲಿಗೆ ಅರ್ಧ ಲೋಟಕ್ಕಿಂತ ಕಡಿಮೆ ಸಕ್ಕರೆ, ಒಂದು ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವಷ್ಟು ಹೊತ್ತು ಮಾತ್ರ ಬಿಸಿ ಮಾಡಬೇಕು, ಕುದಿಸಿದರೆ ಹಾಲು ಒಡೆದು ಎಣ್ಣೆ ಬಿಡುತ್ತದೆ. ಇನ್ನೊಂದು ಸಂಕಟ ತಂಪಿನದು. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ನೆನೆಸಿಕೊಳ್ಳಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಆ ಕೊಬ್ಬು ಹೆಪ್ಪುಗಟ್ಟುತ್ತದೆ. ಹಿಮದಷ್ಟು ತಣ್ಣಗಿನ ಲೋಟದಲ್ಲಿ ಅದೇ ಸಣ್ಣ ಸಣ್ಣ ರವೆಯಾಗಿ ನಾಲಿಗೆಗೆ ಸಿಗುತ್ತದೆ. ಡಬ್ಬಿಯವರು ಅದನ್ನು ತಡೆಯಲು ಅಂಟುಗಳನ್ನು ಸೇರಿಸುತ್ತಾರೆ. ನಾನು ಎಳನೀರಿನ ಗಂಜಿ ಸೇರಿಸುತ್ತೇನೆ. ತೆಳ್ಳಗಿನ, ಚಮಚದಲ್ಲಿ ಕೆರೆದರೆ ನಡುಗುವಂಥ ಗಂಜಿಯನ್ನು ಒಂದು ಹಿಡಿ ಹಾಕಿ ಅರೆದರೆ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಬೆಣ್ಣೆಯಂತಾಗುತ್ತದೆ.

ಅನಾನಸಿನ ವಿಷಯದಲ್ಲಿ ಆತುರ ಸಲ್ಲದು. ಕೊಯ್ದ ಮೇಲೆ ಅದರ ಸಿಹಿ ಏರುವುದಿಲ್ಲ. ಮನೆಯಲ್ಲಿಟ್ಟರೆ ಬಣ್ಣ ಬರಬಹುದು, ಮೆತ್ತಗಾಗಬಹುದು, ರುಚಿ ಮಾತ್ರ ಗಿಡದಿಂದ ತಂದಷ್ಟೇ. ಹಾಗಾಗಿ ಅಂಗಡಿಯಲ್ಲಿ ಬುಡ ಮೂಸಿ ನೋಡಿಯೇ ತರಬೇಕು, ಅಂಗಡಿಯವರು ಏನಾದರೂ ಅಂದುಕೊಳ್ಳಲಿ. ಬನವಾಸಿ ಕಡೆಯಿಂದ ಬರುವ ದೊಡ್ಡ ಹಣ್ಣಿನಲ್ಲಿ ರಸ ಹೆಚ್ಚು, ಹುಳಿಯೂ ಚೆನ್ನಾಗಿದೆ, ನನಗೆ ಅದೇ ಇಷ್ಟ. ಹೆಚ್ಚಿದ ಹೋಳುಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕಿಬಿಡುತ್ತೇನೆ. ಐಸಿನ ಕೆಲಸವನ್ನು ಹಣ್ಣೇ ಮಾಡುತ್ತದೆ, ಕರಗಿದರೂ ರಸವಾಗುತ್ತದೆಯೇ ಹೊರತು ನೀರಾಗುವುದಿಲ್ಲ. ಕೆಲವರು ಇದಕ್ಕೆ ಹಾಲಿನ ಕೆನೆಯನ್ನೂ ಹಾಕುತ್ತಾರೆ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತ ಹೋಗುವುದರಿಂದ ಸ್ವಲ್ಪ ಹೊತ್ತಿಗೆ ಕಹಿ ಏಳುತ್ತದೆ. ಬೇಯಿಸಿದ ಹಣ್ಣಿಗೆ ಆ ಚಾಳಿ ಇಲ್ಲ. ಅದಕ್ಕೇ ಅನಾನಸಿನ ಶಿರಾಕ್ಕೆ ಹಾಲು ಹಾಕಿದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ತೆಂಗು, ಅನಾನಸು ಜೊತೆಗೂಡುವುದು ನಮ್ಮ ನಾಲಿಗೆಗೆ ಹೊಸದೇನಲ್ಲ. ಮದುವೆಯೂಟದ ಅನಾನಸ್ ಮೆಣಸ್ಕಾಯಿಯಲ್ಲಿ ಎಳ್ಳು, ಬೆಲ್ಲ, ಕಾಯಿಯ ನಡುವೆ ಈ ಹಣ್ಣು ಎಷ್ಟು ಸಲೀಸಾಗಿ ಕೂತಿದೆಯೆಂದರೆ ಅದು ಹೊರಗಿನಿಂದ ಬಂದದ್ದೆಂದು ಯಾರಿಗೂ ಹೊಳೆಯುವುದಿಲ್ಲ. ಕೊಲಂಬಸ್ ಅನಾನಸನ್ನು ಮೊದಲು ಕಂಡದ್ದು 1493ರಲ್ಲಿ, ಎರಡನೆಯ ಯಾನದಲ್ಲಿ, ಗ್ವಾದಲೂಪ್ ದ್ವೀಪದಲ್ಲಿ. ಅದೇ ಯಾನದಲ್ಲಿ ಅವನು ಕೆರಿಬಿಯನ್ನಿಗೆ ಕಬ್ಬನ್ನೂ ಒಯ್ದಿದ್ದ. ಅಲ್ಲಿನ ತೆಂಗಾದರೋ ಹಿಂದೂ ಮಹಾಸಾಗರದ ಈ ಬದಿಯ ಸಂತತಿ, ಆಫ್ರಿಕದ ದಾರಿಯಾಗಿ ಯುರೋಪಿನವರ ಹಡಗುಗಳಲ್ಲಿ ಹೋದದ್ದು. ರಮ್ಮಿಗೆ ಮೂಲವಾದ ಆ ಕಬ್ಬಿನ ಗದ್ದೆಗಳಲ್ಲಿ ಬೆವರು ಸುರಿಸಿದವರು ಆಫ್ರಿಕದಿಂದ ಹೊತ್ತು ತಂದ ಗುಲಾಮರು. ರಮ್ಮಿನ ಕತೆ ಹೇಳುವಾಗ ಇದನ್ನು ನುಂಗಿಕೊಳ್ಳುವುದು ಸರಿಯಲ್ಲ.

ಪೋರ್ಟೊ ರಿಕೊದ ಕಾನೂನಿನಂತೆ ರಮ್ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇರಲೇಬೇಕು. ಬಿಳಿ ರಮ್ಮು ಬಿಳಿಯಾಗುವುದು ಆಮೇಲೆ, ಪೀಪಾಯಿಯ ಬಣ್ಣವನ್ನು ಇದ್ದಿಲಿನಲ್ಲಿ ಸೋಸಿ ತೆಗೆದಾಗ. ಒಂದು ಲೋಟಕ್ಕೆ ನನ್ನ ಅಳತೆ ಇಷ್ಟು: ಬಿಳಿ ರಮ್ಮು 45 ಎಂಎಲ್, ಸಿಹಿ ತೆಂಗಿನಹಾಲು ಅಷ್ಟೇ, ಅನಾನಸಿನ ಹೋಳು ಎರಡು ದೊಡ್ಡ ಹಿಡಿ, ಅರ್ಧ ಲಿಂಬೆಹಣ್ಣಿನ ರಸ. ಲಿಂಬೆ ಬಿಟ್ಟರೆ ಕೆಟ್ಟಿತು, ಮೂರನೆಯ ಗುಟುಕಿಗೇ ಸಿಹಿ ಗಂಟಲಿಗೆ ಅಂಟಿಕೊಳ್ಳುತ್ತದೆ. ಎಲ್ಲವನ್ನೂ ಅರೆದು ಲೋಟಕ್ಕೆ ಸುರಿದ ಮೇಲೆ, ಚಮಚದ ಬೆನ್ನ ಮೇಲಿಂದ 15 ಎಂಎಲ್ ಓಲ್ಡ್ ಮಾಂಕ್ ಇಳಿಬಿಡುತ್ತೇನೆ. ಅದೂ ಮಾರುಕಟ್ಟೆಗೆ ಬಂದದ್ದು 1954ರಲ್ಲೇ, ಮರ್ರೇರೋನ ಲೋಟದ ಓರಗೆಯದು. ಬಿಳಿಯ ಮೇಲೆ ಕಪ್ಪು ನಿಧಾನಕ್ಕೆ ಎಳೆಯೆಳೆಯಾಗಿ ಇಳಿಯುತ್ತದೆ, ಮೂಗಿಗೆ ಮೊದಲು ತಾಗುವುದೂ ಅದರ ವೆನಿಲ್ಲಾ ವಾಸನೆಯೇ. ಕೊನೆಗೊಂದಿಷ್ಟು ಜಾಯಿಕಾಯಿ ತುರಿ. ಕೆರಿಬಿಯನ್ ದ್ವೀಪಗಳಲ್ಲಿ ರಮ್ ಪಂಚಿನ ಮೇಲೆ ಅದನ್ನು ತುರಿಯುವ ರೂಢಿ ಉಂಟು. ನಮ್ಮ ಅಡಿಕೆ ತೋಟಗಳ ನಡುವೆಯೂ ಅದರ ಮರಗಳಿವೆ.

ಅತ್ತೆಯ ಲೋಟಕ್ಕೆ ರಮ್ಮಿಲ್ಲ. ಮೊದಲ ಸಲ ಒಂದು ಗುಟುಕು ಕುಡಿದು, "ಎಂಥ ಇದು, ಪಾಯಸವಾ?" ಎಂದು ಕೇಳಿದ್ದರು.

"ಅಲ್ಲ ಅತ್ತೆ, ಅನಾನಸಿನ ಜ್ಯೂಸು."

"ಮತ್ತೆ ಏಲಕ್ಕಿ ಎಂತಕ್ಕೆ ಹಾಕ್ಲಿಲ್ಲ?"

ಅಂದಿನಿಂದ ಅವರ ಲೋಟಕ್ಕೆ ಏಲಕ್ಕಿ. ಭಾವನದು ಬೇರೆಯೇ ದಾರಿ. ಇಷ್ಟು ಹೊತ್ತು ಹಿಂಡಿ, ಅರೆದು ಮಾಡಿದ್ದನ್ನು ಕಣ್ಣೆತ್ತಿಯೂ ನೋಡದೆ ತನ್ನ ಪೆಗ್ಗಿಗೆ ನೀರು ಬೆರೆಸಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಅಡುಗೆಮನೆಗೆ ಬಂದು, "ಎರಡು ಹೋಳು ಅನಾನಸು ಉಳಿದಿದ್ರೆ ಉಪ್ಪು, ಮೆಣಸಿನ ಹುಡಿ ಹಾಕಿ ಕೊಡು ಮಾರಾಯ್ತಿ, ನೆಂಚಿಕೊಳ್ಳಲಿಕ್ಕೆ" ಅನ್ನುತ್ತಾರೆ. ಕೇಳಿಯೇ ಕೇಳುತ್ತಾರೆ ಎಂದು ಗೊತ್ತಿರುವುದರಿಂದ ಈಗೀಗ ಫ್ರೀಜರಿಗೆ ಹಾಕುವ ಮೊದಲೇ ಕಾಲು ಹಣ್ಣು ತೆಗೆದಿಡುತ್ತೇನೆ.