ಪದವಿ ಕೇಳೋದಕ್ಕೂ ಒಂದು ಎಸ್ಟಿಮೇಟ್ ಬೇಕು

"ನಾನು ಕಾಸ್ಟ್ ಎಂಜಿನಿಯರ್" ಅಂದರೆ ನಮ್ಮೂರು ಮುಳಬಾಗಿಲಿನಲ್ಲಿ ಮೊದಲು ಬರೋ ಪ್ರಶ್ನೆ, "ಅಂದ್ರೆ ಅಕೌಂಟೆಂಟಾ?" ಅಂತ. ಅಲ್ಲ. ಮನೆ ಕಟ್ಟಿಸಿದವರಿಗೆ ಹೇಳಿದರೆ ಇದು ಬೇಗ ಅರ್ಥವಾಗುತ್ತೆ. ಚದರಕ್ಕೆ ಇಷ್ಟು ಅಂತ ಮೇಸ್ತ್ರಿ ಒಂದು ರೇಟು ಹೇಳಿರ್ತಾರೆ. ಪಾಯ ತೆಗೆದಾಗ ಬಂಡೆ ಸಿಗುತ್ತೆ, ಕಂಬಿ ರೇಟು ಏರುತ್ತೆ, ನಡುವೆ ಮನೆಯವರೇ ಇನ್ನೊಂದು ರೂಮು ಬೇಕು ಅಂತಾರೆ. ತಾರಸಿ ಹಾಕೋ ಹೊತ್ತಿಗೆ ಲೆಕ್ಕ ಎಲ್ಲೋ ಹೋಗಿರುತ್ತೆ. ಎಷ್ಟಾಗಬಹುದು, ಯಾಕೆ ಹೆಚ್ಚಾಗಬಹುದು, ಹೆಚ್ಚಾಗ್ತಿದೆ ಅನ್ನೋದು ಯಾವ ಹಂತದಲ್ಲಿ ಗೊತ್ತಾಗಬೇಕು, ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಕೆಲಸ ಮುಗಿಯೋವರೆಗೂ ಬೆನ್ನು ಹತ್ತಿ ನೋಡೋದೇ ನಮ್ಮ ಕೆಲಸ. ನಾನು ಮಾಡೋದು ದೊಡ್ಡ ಕಟ್ಟಡ, ನೀರಿನ ಪೈಪ್‌ಲೈನ್‌ಗಳ ಲೆಕ್ಕ. ಅಷ್ಟೇ ವ್ಯತ್ಯಾಸ.

ಈ ವೃತ್ತಿಯವರಿಗೂ ಸಂಘಗಳಿವೆ. ಎಎಸಿಇ ಇಂಟರ್‌ನ್ಯಾಷನಲ್ ಅಂತ ಈಗ ಕರೆಯೋ ಸಂಸ್ಥೆ ಹುಟ್ಟಿದ್ದು 1956ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ಕೆಲವೇ ಕೆಲವು ಎಸ್ಟಿಮೇಟರ್‌ಗಳಿಂದ. ಬೇರೆ ಬೇರೆ ದೇಶಗಳ ಇಂಥ ಸಂಘಗಳನ್ನು ಒಟ್ಟುಗೂಡಿಸೋ ಒಂದು ಮಂಡಳಿ 1976ರಿಂದ ಇದೆ. ನಾನು ಸದಸ್ಯೆಯಾಗಿರೋದು ಇವೆರಡೂ ಅಲ್ಲ, ಬೆಂಗಳೂರಿನ ಒಂದು ಚಿಕ್ಕ ಸಂಘ. ಹೋದ ವರ್ಷ ಅದರ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲಬೇಕು ಅಂತ ತೀರ್ಮಾನ ಮಾಡಿದೆ.

"ಅವರೇ ಕರೀಬೇಕು ಕಣಮ್ಮ"

ಮನೇಲಿ ಹೇಳಿದಾಗ ಅಪ್ಪನಿಗೆ ಇಷ್ಟವಾಗಲಿಲ್ಲ. ಅಪ್ಪ ಮೇಸ್ತ್ರಿ. ಮೂವತ್ತು ವರ್ಷದಿಂದ ನಮ್ಮೂರ ಸುತ್ತಮುತ್ತ ಮನೆ ಕಟ್ಟಿದಾರೆ, ಯಾರ ಹತ್ತಿರಾನೂ ಹೋಗಿ ಕೆಲಸ ಕೊಡಿ ಅಂತ ಕೇಳಿದವರಲ್ಲ. "ಪದವಿ ನಾವಾಗಿ ಕೇಳಬಾರದು, ಅವರೇ ಕರೀಬೇಕು ಕಣಮ್ಮ. ಕೇಳಿ ತಗೊಂಡಿದ್ದಕ್ಕೆ ಮರ್ಯಾದೆ ಇರಲ್ಲ" ಅಂದರು. ಅಮ್ಮನ ಪ್ರಶ್ನೆ ಇನ್ನೂ ನೇರ: "ಸಂಬಳ ಎಷ್ಟು?" ಸಂಬಳ ಇಲ್ಲ ಅಂದೆ. "ಮತ್ಯಾಕೆ?"

ಅಪ್ಪನ ಮಾತಿನಲ್ಲಿ ಸತ್ಯ ಇಲ್ಲ ಅಂತಲ್ಲ. ಆದರೆ ಯಾರನ್ನ ಕರೀತಾರೆ ಅಂತ ಯೋಚನೆ ಮಾಡಿ. ಆಗಲೇ ಕಣ್ಣಿಗೆ ಬಿದ್ದವರನ್ನ. ಒಂದೇ ಕಾಲೇಜಿನವರು, ಒಂದೇ ಆಫೀಸಿನಿಂದ ಬಂದವರು, ಸಭೆ ಮುಗಿದ ಮೇಲೆ ಊಟಕ್ಕೆ ಜೊತೇಲಿ ಕೂರೋರು. ಇದರಲ್ಲಿ ಯಾರ ಕುತಂತ್ರಾನೂ ಇಲ್ಲ, ಪರಿಚಯ ಇದ್ದವರ ಹೆಸರೇ ನಾಲಿಗೆಗೆ ಮೊದಲು ಬರುತ್ತೆ. ನಾನು ಸಭೆ ಮುಗಿದ ತಕ್ಷಣ ಬಸ್ಸು ಹಿಡಿಯೋಳು. ಕರೀಲಿ ಅಂತ ಕಾದಿದ್ದರೆ ಇನ್ನೂ ಕಾಯ್ತಾನೇ ಇರ್ತಿದ್ದೆ.

ಆಮೇಲೆ, ಸಂಬಳವಿಲ್ಲದ ಸಾರ್ವಜನಿಕ ಕೆಲಸ ನಮ್ಮ ಕಡೆಯವರಿಗೆ ಹೊಸದೇನಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಶುರು ಮಾಡಿದ್ದು 1945ರಲ್ಲಿ. ಆಗ ಅವರಿಗೆ ಸುಮಾರು ಐವತ್ತೆಂಟು ವರ್ಷ. ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಅಣೆಕಟ್ಟಿನ ಜೊತೆಗೆ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯನ್ನೂ ಕಟ್ಟಿಸಿದರು. ಕಲ್ಲು ಗಾರೆಯಷ್ಟೇ ಸಂಘ ಸಂಸ್ಥೆನೂ ಮುಖ್ಯ ಅಂತ ಆ ಎಂಜಿನಿಯರ್‌ಗೆ ಗೊತ್ತಿತ್ತು. ಇದನ್ನ ಹೇಳಿದಾಗ ಅಪ್ಪ, "ಅವರೆಲ್ಲ ದೊಡ್ಡೋರು" ಅಂತ ಎದ್ದು ಹೋದರು.

ಐವತ್ತು ದಿನದ ಕೂಲಿ

ನಾಮಪತ್ರದ ಜೊತೆ ಒಂದು ಪುಟ "ನಿಮ್ಮ ಬಗ್ಗೆ" ಬರೆದು ಕೊಡಬೇಕಿತ್ತು. ಸಾಮಾನ್ಯವಾಗಿ ಎಲ್ಲರೂ ಬರೆಯೋದು ಡಿಗ್ರಿ, ಅನುಭವ, ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳ ಹೆಸರು. ನಾನು ಅದನ್ನ ನಾಲ್ಕು ಸಾಲಿಗೆ ಮುಗಿಸಿ, ಉಳಿದ ಜಾಗದಲ್ಲಿ ಒಂದು ಎಸ್ಟಿಮೇಟ್ ಹಾಕಿದೆ.

ಮೊದಲು ಕೆಲಸದ ವ್ಯಾಪ್ತಿ. ಮೂರೇ ಅಂಶ. ಒಂದು, ಡಿಪ್ಲೊಮಾ ಓದ್ತಿರೋರಿಗೆ, ಸೈಟ್ ಎಂಜಿನಿಯರ್‌ಗಳಿಗೆ ಕನ್ನಡದಲ್ಲಿ ಎಸ್ಟಿಮೇಟ್ ತರಗತಿ, ಬೆಂಗಳೂರಿನ ಹೊರಗೆ. ಎರಡು, ಕಂಬಿ, ಸಿಮೆಂಟ್, ಎಂ-ಸ್ಯಾಂಡ್, ಗಾರೆ ಕೂಲಿ, ಇವುಗಳ ನಿಜವಾದ ಮಾರುಕಟ್ಟೆ ದರದ ಒಂದು ಪುಟದ ಪಟ್ಟಿ, ತಾರೀಕು ಸಮೇತ. ಮೂರು, ವರ್ಷಕ್ಕೊಂದು ಸಾರ್ವಜನಿಕ ಯೋಜನೆಯನ್ನ ತಗೊಂಡು, ವೆಚ್ಚ ಯಾಕೆ ಹೆಚ್ಚಾಯ್ತು ಅಂತ ಸಿಗೋ ದಾಖಲೆಗಳಿಂದಲೇ ಚರ್ಚೆ.

ಆಮೇಲೆ ಗಂಟೆಗಳು. ತಿಂಗಳಿಗೆ ಒಂದು ಕಾರ್ಯಕ್ರಮದ ತಯಾರಿಗೆ 6, ಸಮಿತಿ ಸಭೆಗೆ 3, ಫೋನು ಪತ್ರಗಳಿಗೆ 4, ವರದಿಗೆ 1. ಒಟ್ಟು 14. ಎರಡು ವರ್ಷದ ಅವಧಿಗೆ 336. ಅದರ ಮೇಲೆ ಅನಿರೀಕ್ಷಿತಕ್ಕೆ ಶೇ. 20 ಸೇರಿಸಿದರೆ ಸುಮಾರು 400 ಗಂಟೆ. ಕೊನೆಗೆ, ನಾನು ಏನು ಮಾಡಲ್ಲ ಅನ್ನೋದನ್ನೂ ಬರೆದೆ: ಪ್ರಾಯೋಜಕರನ್ನ ಹುಡುಕೋದು ನನ್ನಿಂದಾಗಲ್ಲ, ವಾರದ ದಿನ ಮಧ್ಯಾಹ್ನದ ಸಭೆಗೆ ಬರೋಕಾಗಲ್ಲ.

ಅಮ್ಮ ಆ ಹಾಳೆ ನೋಡಿ ತಮ್ಮ ಲೆಕ್ಕ ಹಾಕಿದರು. "ದಿನಕ್ಕೆ ಎಂಟು ಗಂಟೆ ಅಂದ್ರೆ ಐವತ್ತು ದಿನದ ಬಿಟ್ಟಿ ಕೂಲಿ." ಸರಿಯಾದ ಲೆಕ್ಕ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೇ ಹೋಗಬೇಕು ಅನ್ನೋದೇ ನನ್ನ ಉದ್ದೇಶವಾಗಿತ್ತು. ಆಫೀಸಿನಲ್ಲಿ ಮ್ಯಾನೇಜರ್‌ಗೂ ಅದೇ ಹಾಳೆ ತೋರಿಸಿದೆ. ಅಸ್ಪಷ್ಟವಾಗಿ "ಸ್ವಲ್ಪ ಟೈಮ್ ಬೇಕಾಗುತ್ತೆ ಸಾರ್" ಅಂದಿದ್ದರೆ ಬೇಡ ಅಂತಿದ್ದರೇನೋ. ಅಂಕಿ ನೋಡಿ ಒಪ್ಪಿದರು.

ನಮ್ಮ ಜಿಲ್ಲೆಗೆ ಇದು ಬರೀ ಅಂಕಿಯಲ್ಲ

ಮೂರನೇ ಅಂಶ ಯಾಕೆ ಹಾಕಿದೆ ಅಂತ ತುಂಬಾ ಜನ ಕೇಳಿದರು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗದ ಊರಿನವರಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ಕುಡಿಯೋ ನೀರು ತರೋ ಎತ್ತಿನಹೊಳೆ ಯೋಜನೆಯನ್ನೇ ನೋಡಿ. 2012ರಲ್ಲಿ ಅಂದಾಜು ಸುಮಾರು 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಮೊದಲ ಅಂದಾಜಿನ ಎರಡೂ ಮುಕ್ಕಾಲು ಪಟ್ಟು. ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಗಿದ್ದು 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ.

ಇದನ್ನ ಹೇಳಿದ ತಕ್ಷಣ "ಎಲ್ಲ ತಿಂದುಹಾಕಿದ್ರು" ಅನ್ನೋರು ಒಂದು ಕಡೆ, "ರೇಟು ಜಾಸ್ತಿಯಾಯ್ತು, ಏನ್ಮಾಡೋಕಾಗುತ್ತೆ" ಅನ್ನೋರು ಇನ್ನೊಂದು ಕಡೆ. ಎರಡರಿಂದಲೂ ಏನೂ ತಿಳಿಯಲ್ಲ. ಜಮೀನಿನ ಪರಿಹಾರಕ್ಕೆ ಎಷ್ಟು ಹೋಯ್ತು, ದರಪಟ್ಟಿ ಬದಲಾಗಿದ್ದಕ್ಕೆ ಎಷ್ಟು, ತಡವಾಗಿದ್ದಕ್ಕೆ ಎಷ್ಟು, ಹೊಸದಾಗಿ ಸೇರಿದ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ನೋಡಬೇಕು. ಬೈರಗೊಂಡ್ಲು ಜಲಾಶಯಕ್ಕೆ ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕಿನ ಜಮೀನು ಬೇಕಿತ್ತು. ಪರಿಹಾರದ ದರ ಎರಡು ಕಡೆ ಬೇರೆ ಬೇರೆ ಅನ್ನೋ ವಿವಾದದಲ್ಲೇ ವರ್ಷಗಳು ಕಳೆದವು. ಹೀಗೆ ಬಿಡಿಸಿ ನೋಡೋದು ನಮ್ಮ ವೃತ್ತಿಗೆ ಗೊತ್ತಿರೋ ಕೆಲಸ. ಅದನ್ನ ಜನರ ಮುಂದೆ, ಜನರ ಭಾಷೇಲಿ ಮಾಡೋರು ಬೇಕು.

ಸೋಲು, ಮತ್ತೊಂದು ಶನಿವಾರ

ಅಭ್ಯರ್ಥಿಗಳ ಸಭೆಯಲ್ಲಿ ಪ್ರಶ್ನೆಗಳು ಬಂದವು. "ಇಷ್ಟು ಬೇಗ ಯಾಕೆ?" ಎಂಟು ವರ್ಷದ ಅನುಭವ ಬೇಗ ಅನ್ನಿಸಿದರೆ ಎಷ್ಟಾಗಬೇಕು ಅಂತ ನಿಯಮದಲ್ಲಿ ಬರೀಬಹುದು ಅಂದೆ. "ಕನ್ನಡದಲ್ಲಿ ಮಾಡಿದ್ರೆ ಬೇರೆಯವರ ಗತಿ?" ಇಂಗ್ಲಿಷ್ ಕಾರ್ಯಕ್ರಮ ಒಂದೂ ನಿಲ್ಲಲ್ಲ, ಇದು ಹೆಚ್ಚುವರಿ ಅಂದೆ. ಹಿರಿಯರೊಬ್ಬರು, "ಮದುವೆ ಆದ್ಮೇಲೂ ಮುಂದುವರೀತೀಯಮ್ಮ?" ಅಂದರು. "ಇನ್ನೊಬ್ಬ ಅಭ್ಯರ್ಥಿಗೂ ಇದೇ ಪ್ರಶ್ನೆ ಕೇಳಿ ಸಾರ್, ಇಬ್ಬರೂ ಉತ್ತರ ಕೊಡ್ತೀವಿ" ಅಂದಾಗ ಸಭೆ ನಕ್ಕಿತು. ಅವರೂ ನಕ್ಕರು.

ಏಳು ಮತಗಳಿಂದ ಸೋತೆ. ಗೆದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರು. ಎರಡು ವಾರಕ್ಕೆ ಅವರದೇ ಫೋನು: "ನಿಮ್ಮ ಮೊದಲನೇ ಅಂಶ ಚೆನ್ನಾಗಿದೆ. ಒಂದು ತರಗತಿ ನೀವೇ ಮಾಡ್ತೀರಾ?"

ಕೋಲಾರದಲ್ಲಿ ಒಂದು ಶನಿವಾರ ಮಾಡಿದೆವು. ಮೂವತ್ತು ಜನ ಬಂದಿದ್ದರು. ಹತ್ತು ಚದರದ ಮನೆಗೆ ಪಾಯದಿಂದ ಪೇಂಟಿನವರೆಗೆ ಎಸ್ಟಿಮೇಟ್ ಹಾಕಿಸಿದೆ. ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಂತೆ. "ಮೇಡಂ, ಜಾಸ್ತಿ ಆಗುತ್ತೆ ಅಂತ ಗೊತ್ತಿದ್ರೂ ಕಮ್ಮಿ ಬರಿ ಅಂತಾರೆ. ಆಗ ಏನು ಮಾಡೋದು?"

ಆ ಪ್ರಶ್ನೆ ನನಗೆ ಹೊಸದಲ್ಲ. ಆರು ತಿಂಗಳ ಕೆಲಸದ ಹುಡುಗ ಒಬ್ಬನೇ ನಿಂತು "ಆಗಲ್ಲ ಸಾರ್" ಅನ್ನೋಕಾಗಲ್ಲ. ಮನೇಲಿ ಸಾಲ ಇರುತ್ತೆ. ಅವನಿಗೆ ಬೇಕಾಗಿರೋದು ಹಿಂದೆ ನಿಲ್ಲೋಕೆ ಒಂದು ಗೋಡೆ. ನಮ್ಮ ವೃತ್ತಿಯಲ್ಲಿ ಅದು ಇದೆ. ಎಎಸಿಇ ಕೈಗಾರಿಕಾ ಘಟಕಗಳ ಅಂದಾಜುಗಳನ್ನ ಐದು ದರ್ಜೆಯಾಗಿ ವಿಂಗಡಿಸಿದೆ. ನಕ್ಷೆಯೇ ಸರಿಯಾಗಿ ಆಗದ ಐದನೇ ದರ್ಜೆಯಲ್ಲಿ ನಿಜವಾದ ಖರ್ಚು ಶೇ. 30ರಿಂದ 100ರಷ್ಟು ಹೆಚ್ಚಾಗಬಹುದು ಅಂತ ಲಿಖಿತವಾಗಿಯೇ ಇದೆ. ಎಲ್ಲ ವಿನ್ಯಾಸ ಮುಗಿದ ಒಂದನೇ ದರ್ಜೆಯಲ್ಲಿ ಅದು ಶೇ. 3ರಿಂದ 15. ಅದಕ್ಕೇ ಹೇಳಿದೆ: "ಒಂದೇ ಅಂಕಿ ಕೊಡಬೇಡ. ಅಂಕಿಯ ಪಕ್ಕ ದರ ಯಾವ ತಾರೀಕಿನದು, ಯಾವ ನಕ್ಷೆ ನೋಡಿದೆ, ಏನನ್ನ ಸೇರಿಸಿಲ್ಲ, ಎಷ್ಟು ಏರುಪೇರಾಗಬಹುದು, ನಾಲ್ಕೂ ಬರಿ. ಅಂಕಿ ಬದಲಾಯಿಸು ಅಂದ್ರೆ, ಈ ನಾಲ್ಕರಲ್ಲಿ ಯಾವುದನ್ನ ಬದಲಾಯಿಸಲಿ ಅಂತ ಕೇಳು. ಆಗ ಹೇಳ್ತಿರೋದು ನೀನಲ್ಲ, ಪದ್ಧತಿ."

ಅವನು ಬರ್ಕೊಂಡ. ಸಂಘ ಇರೋದು ಯಾಕೆ, ಅದರಲ್ಲಿ ಜವಾಬ್ದಾರಿ ಕೇಳೋದು ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ ನನ್ನ ಹತ್ತಿರ ಈಗಿರೋ ಉತ್ತರ ಇದೇ. ಒಬ್ಬೊಬ್ಬರೇ ಹೇಳೋಕಾಗದ ಮಾತನ್ನ ಎಲ್ಲರ ಪರವಾಗಿ ಬರೆದು ಇಡೋದಕ್ಕೆ, ಅದನ್ನ ಕೋಲಾರದ ಹುಡುಗನ ಕೈಗೆ ಮುಟ್ಟಿಸೋದಕ್ಕೆ ಯಾರಾದರೂ ಗಂಟೆಗಳನ್ನ ಕೊಡಲೇಬೇಕು.

ಈಗ ಅವಧಿಯ ನಡುವೆ ಜಂಟಿ ಕಾರ್ಯದರ್ಶಿ ಸ್ಥಾನ ಖಾಲಿಯಾಗಿದೆ, ಮತ್ತೆ ಅರ್ಜಿ ಹಾಕಿದೀನಿ. ಎರಡನೇ ಸಲ ಕೇಳೋದು ಮೊದಲ ಸಲಕ್ಕಿಂತ ಕಷ್ಟ. "ಬಿಡಲ್ಲ ಇವಳು" ಅನ್ನೋ ನೋಟ ಇರುತ್ತೆ. ಆದರೂ ನೀವೂ ನಿಮ್ಮ ವೃತ್ತಿಯ ಸಂಘದಲ್ಲಿ, ಅಪಾರ್ಟ್‌ಮೆಂಟ್ ಸಮಿತಿಯಲ್ಲಿ, ಹಳೇ ವಿದ್ಯಾರ್ಥಿಗಳ ಬಳಗದಲ್ಲಿ ಜವಾಬ್ದಾರಿ ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡು ಕಾಯ್ತಿದ್ದರೆ, ಒಂದು ಹಾಳೆ ತಗೊಳ್ಳಿ. ಏನು ಮಾಡ್ತೀರಿ, ಎಷ್ಟು ಗಂಟೆ ಕೊಡ್ತೀರಿ, ಏನು ಮಾಡಲ್ಲ, ಮೂರನ್ನೂ ಬರೀರಿ. ಬರೆದ ಮೇಲೂ ಬೇಕು ಅನ್ನಿಸಿದರೆ ಹೋಗಿ ಕೇಳಿ. ಕೇಳೋದಕ್ಕೆ ನಾಚಿಕೆಪಡಬೇಕಾದ್ದು ಅದರಲ್ಲಿ ಏನೂ ಉಳಿದಿರಲ್ಲ.

ಅಪ್ಪ ಇವತ್ತಿಗೂ "ಅವರೇ ಕರೀಬೇಕಿತ್ತು" ಅಂತಾರೆ. ಆದರೆ ದರಪಟ್ಟಿಗೆ ಅಂತ ಪ್ರತಿ ತಿಂಗಳು ಒಂದನೇ ತಾರೀಕು ಮುಳಬಾಗಿಲಿನ ಎಂ-ಸ್ಯಾಂಡ್ ರೇಟು, ಗಾರೆಯವರ ಕೂಲಿ ಫೋನ್ ಮಾಡಿ ಹೇಳ್ತಾರೆ. ಹೋದ ತಿಂಗಳು ನಾನೇ ಮರೆಯಬಾರದು ಅಂತ ಎರಡು ಸಲ ಮಾಡಿದರು.