ಮುಳ್ಳು ಹೇಳುತ್ತಿದ್ದ ಸುಳ್ಳು

ಎಂಬತ್ತರ ದಶಕದಲ್ಲಿ ಪೆಟ್ರೋಲ್ ಮುಳ್ಳನ್ನು ನಂಬಿ ದೂರದೂರಿಗೆ ಹೊರಡುತ್ತಿದ್ದವರು ಕಡಿಮೆ. ಎಷ್ಟು ಹಾಕಿಸಿದೆ, ಎಷ್ಟು ಓಡಿತು ಎಂಬ ಲೆಕ್ಕ ಡ್ರೈವರುಗಳ ತಲೆಯಲ್ಲೇ ಇರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ನಾನು ಆಟೊ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರಿದಾಗ, 'ಮುಳ್ಳು ಏಳ್ತಿಲ್ಲ' ಎಂದು ಬರುವ ಅಂಬಾಸಿಡರ್, ಪದ್ಮಿನಿಗಳಿಗೆ ಬರವಿರಲಿಲ್ಲ.

ಮೇಸ್ತ್ರಿಯ ಹತ್ತಿರ ಇದ್ದದ್ದು ಒಂದು 12 ವೋಲ್ಟಿನ ಬಲ್ಬು, ಎರಡು ತುಂಡು ವೈರು. ಟ್ಯಾಂಕಿನ ಗೇಜಿನಿಂದ ವೈರು ಕಳಚಿ, 'ಬಾಡಿಗೆ ಮುಟ್ಸೋ, ಜಾಸ್ತಿ ಹೊತ್ತು ಹಿಡೀಬೇಡ' ಎಂದು ಮುಂದಿನಿಂದ ಕೂಗುವರು. ಮುಳ್ಳು ಫುಲ್‌ಗೆ ಏರಿದರೆ ಮೀಟರೂ ವೈರೂ ಸರಿ, ಕೆಟ್ಟಿರುವುದು ಟ್ಯಾಂಕಿನೊಳಗೆ. ಕೆಲವು ಗೇಜುಗಳಲ್ಲಿ ಇದು ತಿರುಗಾಮುರುಗಾ. ಯಾವುದರಲ್ಲಿ ಎಂಬುದು ನೆನಪಿನಲ್ಲಿರಬೇಕಿತ್ತು. ಒಳಗಿನ ಹಿತ್ತಾಳೆ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದ್ದರೆ, ಟ್ಯಾಂಕ್ ತುಂಬಿದ್ದರೂ ಮುಳ್ಳು ಖಾಲಿ ಎನ್ನುತ್ತಿತ್ತು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಸದ್ದೇ ಹೇಳುತ್ತಿತ್ತು.

ಪೆಟ್ರೋಲ್, ಟೆಂಪರೇಚರ್ ಎರಡೂ ಮುಳ್ಳು ಒಟ್ಟಿಗೇ ಮೇಲೇರಿ ಕೂತರೆ ಟ್ಯಾಂಕನ್ನು ಮುಟ್ಟುವ ಗೋಜೇ ಇಲ್ಲ. ಬಿಸಿಗೆ ಬಾಗುವ ಪಟ್ಟಿಯಿಂದ ಮುಳ್ಳು ಆಡುವ ಮೀಟರುಗಳಿಗೆ ಸುಮಾರು 10 ವೋಲ್ಟ್ ಕೊಡಲು ಬೋರ್ಡಿನ ಹಿಂದೆ ಒಂದು ಪುಟ್ಟ ಸ್ಟೆಬಿಲೈಸರ್ ಇರುತ್ತಿತ್ತು. ಅದಕ್ಕೆ ಅರ್ಥ್ ತಪ್ಪಿದರೆ ಬ್ಯಾಟರಿಯ ಕರೆಂಟು ನೇರ ನುಗ್ಗುತ್ತಿತ್ತು. ಇನ್ನೊಂದು ತರಲೆ, ನೀರು ಸೋರದಿರಲೆಂದು ಟೆಂಪರೇಚರ್ ಸೆನ್ಸರಿನ ಥ್ರೆಡ್ಡಿಗೆ ದಪ್ಪಗೆ ಟೇಪು ಸುತ್ತುವವರದು. ಒಂಟಿ ವೈರಿನ ಸೆನ್ಸರಿಗೆ ಆ ಥ್ರೆಡ್ಡೇ ಅರ್ಥ್. ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ಮಲಗಿರುತ್ತಿತ್ತು. ಹೀಗೆ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡು ಬಂದ ಟ್ಯಾಕ್ಸಿಗಳನ್ನು ನೋಡಿದ್ದೇನೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಗಲೂ ನಮ್ಮ ಬಲ್ಬಿಗೆ ಕೆಲಸವಿತ್ತು. ನಿಜವಾಗಿ ದಾರಿ ತಪ್ಪಿದ್ದು ಕಾರ್ಬುರೇಟರ್ ಹೋಗಿ ಇಸಿಯು ಎಂಬ ಎಂಜಿನ್ ಕಂಪ್ಯೂಟರ್ ಬಂದ ಮೇಲೆ. ಈಗಿನ ಗಾಡಿಗಳಲ್ಲಿ ಸೆನ್ಸರ್ ಮುಳ್ಳಿನೊಡನೆ ಮಾತಾಡುವುದಿಲ್ಲ. ಅದು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಮೀಟರ್ ಬೋರ್ಡಿಗೆ ಸಂದೇಶ ಕಳಿಸುತ್ತದೆ, ಅಲ್ಲಿನ ಸಣ್ಣ ಮೋಟಾರು ಮುಳ್ಳನ್ನು ತಿರುಗಿಸುತ್ತದೆ. ಎಂಜಿನ್ ಬಿಸಿ ಸ್ವಲ್ಪ ಏರಿಳಿದರೂ ಅನೇಕ ಕಾರುಗಳಲ್ಲಿ ಮುಳ್ಳು ನಡುವೆಯೇ ನಿಲ್ಲುವಂತೆ ಪ್ರೋಗ್ರಾಂ ಬರೆದಿರುತ್ತಾರೆ. ಗಿರಾಕಿ ಗಾಬರಿಯಾಗಬಾರದಂತೆ! ಕೆಲವು ಕಾರುಗಳಲ್ಲಂತೂ ಆ ಮುಳ್ಳನ್ನೇ ಕಿತ್ತು ಒಂದು ದೀಪ ಇಟ್ಟಿದ್ದಾರೆ. ಹಳೆಯ ಅಭ್ಯಾಸದಲ್ಲಿ ಕಂಡ ವೈರನ್ನು ಬಾಡಿಗೆ ಮುಟ್ಟಿಸಿದರೆ ಇಸಿಯುವೇ ಸುಟ್ಟೀತು. ಓಣಿಯ ಹಳಬರು ಹಲವರು ಕೈಚೆಲ್ಲಿದ್ದು ಈ ಭಯಕ್ಕೆ. ನಾನು ಸ್ಕ್ಯಾನರ್ ಕಲಿತೆ. ಸೆನ್ಸರ್ ಹೇಳುವ ಡಿಗ್ರಿಯನ್ನು ಅಂಕಿಯಲ್ಲೇ ತೋರಿಸುವ ಅದು ಬಲ್ಬಿಗಿಂತ ಒಳ್ಳೆಯ ಸಾಧನ, ಅನುಮಾನವಿಲ್ಲ.

ಬೇಸರವಾಗುವುದು ಬೇರೆ ವಿಷಯಕ್ಕೆ. ಸ್ಕ್ಯಾನರ್ ಹಾಕಿಯೂ ಅಂಕಿ ಓದದೆ, 'ಬೋರ್ಡೇ ಬದಲಾಯಿಸಬೇಕು ಸಾರ್' ಎನ್ನುವವರು ಹೆಚ್ಚಾಗಿದ್ದಾರೆ. ಹಾಗೆ ಯಾರಾದರೂ ಹೇಳಿದರೆ ನಿಮ್ಮೆದುರೇ ಅಂಕಿ ತೋರಿಸಲು ಕೇಳಿ. ಸ್ಕ್ಯಾನರಿನ ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಬೋರ್ಡಿನ ಮೇಲೆ ಅನುಮಾನಪಡಬಹುದು. ಎರಡೂ ತಪ್ಪಿದ್ದರೆ ಸೆನ್ಸರ್, ವೈರು, ಕನೆಕ್ಟರ್ ನೋಡಬೇಕು. ಎಲ್ಲಕ್ಕೂ ಮೊದಲು ಅರ್ಥ್ ಬೋಲ್ಟಿನ ತುಕ್ಕು ಉಜ್ಜಿಸಿ, ಬಿಗಿ ಮಾಡಿಸಿ. ಅದಕ್ಕೆ ಒಂದು ತುಂಡು ಉಪ್ಪುಕಾಗದ, ಒಂದು ಸ್ಪ್ಯಾನರ್ ಸಾಕು.